ತಮ್ಮನನ್ನು ಮನೆಗೆ ಕರೆತಂದ ವರ್ಷ

ತಮ್ಮನನ್ನು ಮನೋರೋಗದ ಆಸ್ಪತ್ರೆಯಿಂದ ಮನೆಗೆ ಕಳಿಸುವ ಮುಂಚೆ ಡಾಕ್ಟರು ನನ್ನನ್ನೂ ಅಣ್ಣನನ್ನೂ ಕರೆಸಿದ್ದರು. ಆಸ್ಪತ್ರೆ ನಮ್ಮ ಜಿಲ್ಲೆಯಿಂದ ದೂರ. ತಮ್ಮ ಅಲ್ಲಿ ಸೇರಿ ವರ್ಷ ಆಗುತ್ತ ಬಂದಿತ್ತು.

"ಇನ್ನು ಇಲ್ಲಿ ಇರಬೇಕಾಗಿಲ್ಲ. ಮನೆಯಲ್ಲಿದ್ದೇ ಔಷಧ ತೆಗೆದುಕೊಳ್ಳಲಿ," ಎಂದರು ಡಾಕ್ಟರು.

ಯಾರ ಮನೆ ಎಂಬುದೇ ಪ್ರಶ್ನೆ. ಗಂಡ ತೀರಿಕೊಂಡ ಮೇಲೆ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ನೋಡಿಕೊಂಡು ಅಲ್ಲೇ ಒಂದು ಕೋಣೆಯಲ್ಲಿದ್ದೆ. ಅಲ್ಲಿ ಗಂಡಸರು ಉಳಿಯುವಂತಿರಲಿಲ್ಲ. ಹುನಗುಂದದ ಕೋರ್ಟಿನ ಮುಂದೆ ಟೈಪಿಂಗ್ ಮಾಡುವ ಅಣ್ಣ ಯಾರ ಮುಖವನ್ನೂ ನೋಡದೆ ಹೇಳಿದ, "ನಮ್ಮ ಮನ್ಯಾಗ ಇರ್ಲಿ ಬಿಡ್ರಿ."

ತಿಂಗಳಿಗೊಮ್ಮೆ ಹುನಗುಂದದಲ್ಲೇ ಇಂಜೆಕ್ಷನ್. ರಾತ್ರಿ ಮಾತ್ರೆ ಕೊಡುವುದು ಅತ್ತಿಗೆ. ರವಿವಾರ ನಾನು ಹೋಗಿ ನೋಡಿಕೊಳ್ಳುವುದು. ಇಳಕಲ್ಲಿನಲ್ಲಿ ತಮ್ಮ ಮೊದಲು ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದ ಅಂಗಡಿಯಲ್ಲೇ ಅರ್ಧ ದಿನದ ಕೆಲಸ. ಮಾಲೀಕರು ಫೋನಿನಲ್ಲಿ ಹೂಂ ಅಂದಿದ್ದರು. ಎಲ್ಲವೂ ಆಗುವಂಥದ್ದೇ ಅನ್ನಿಸಿತು. ಮೂವರೂ ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮ ಕೇಳಿದ, "ನನಗ ಮತ್ತ ಕೆಲಸಾ ಕೊಡ್ತಾರಂತ, ಖರೇನಾ ಅಕ್ಕಾ?"

"ಖರೇನ," ಅಂದೆ. ನಾನು ನಂಬಿದ್ದೆ.

ಮಾಲೀಕರು ಕೆಟ್ಟವರಲ್ಲ. ಮೊದಲ ದಿನ ಕೂರಿಸಿ ಚಹಾ ಕೊಟ್ಟರು. ಆಮೇಲೆ ಅಣ್ಣನನ್ನು ಹೊರಗೆ ಕರೆದು, "ಕರೆಂಟಿನ ಕೆಲಸರಿ. ನಾಳೆ ಏನಾರ ಆದ್ರ ನಾ ಯಾರಿಗೆ ಹೇಳ್ಲಿ?" ಎಂದು ಇಬ್ಬರನ್ನೂ ಕಳಿಸಿಬಿಟ್ಟರು.

ತಮ್ಮ ಮನೆಯಲ್ಲೇ ಉಳಿದ. ಒಂದು ರವಿವಾರ ನಾನು ಹೋದಾಗ ಎದುರು ಮನೆಯವರ ಕೆಟ್ಟ ಮಿಕ್ಸರನ್ನು ಬಿಚ್ಚಿಕೊಂಡು ಕೂತಿದ್ದ. ಎಷ್ಟೋ ತಿಂಗಳ ಮೇಲೆ ಅವನ ಕೈ ತನ್ನ ಕೆಲಸಕ್ಕೆ ಮರಳಿತ್ತು. ತಾಮ್ರದ ತಂತಿ ಸುತ್ತಿ, ಹಿಡಿ ಶೇಂಗಾ ಹಾಕಿ ತಿರುಗಿಸಿ ನೋಡಿ, ತಾನೇ ಕೊಟ್ಟುಬರಲು ಹೋದ. ಎದುರು ಮನೆಯಾಕೆ ಒಳಗಿನಿಂದಲೇ, "ಅಲ್ಲೇ ಕಟ್ಟಿ ಮ್ಯಾಲ ಇಡಪಾ, ಆಮ್ಯಾಲ ತಗೋತೇನಿ," ಎಂದರು. ಮರುವಾರವೂ ಅದು ಆ ಕಟ್ಟೆಯ ಮೇಲೇ ಇತ್ತು, ಮೇಲೊಂದು ಹಳೆ ಟಾವೆಲ್ ಮುಚ್ಚಿದ್ದರು.

ಅಷ್ಟರಲ್ಲಿ ಅಣ್ಣನ ಮಗಳಿಗೆ ವರ ಗೊತ್ತಾಗುವಂತಿತ್ತು. ಹುಡುಗನ ಕಡೆಯವರು ಬರುವ ದಿನ ತಮ್ಮನನ್ನು ಎಲ್ಲಾದರೂ ಕರೆದೊಯ್ಯಿರೆಂದು ಅತ್ತಿಗೆ ಅಳುತ್ತ ನನ್ನನ್ನು ಕೇಳಿದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ನಾವಿಬ್ಬರೂ ಬಾದಾಮಿಗೆ ಹೋದೆವು. ಹೊಂಡದ ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚಿದೆ. ಕೆಳಗೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ತಮ್ಮ ನೀರು ನೋಡುತ್ತ ಹೇಳಿದ, "ಇವತ್ತ ಹುಡುಗಿ ನೋಡಾಕ ಬಂದಿರ್ತಾರ. ಹೌದಲ್ಲ?"

ನಾನು ರೊಟ್ಟಿಗೆ ಪಲ್ಯ ಹಚ್ಚಿ ಅವನ ಮುಂದೆ ಹಿಡಿದೆ.

"ನನಗ ಹೇಳಿದ್ರ ನಾನ ಹೊರಗ ಹೋಗಿ ಇರ್ತಿದ್ನಲ್ಲ," ಎಂದ. ಆಮೇಲೆ ರೊಟ್ಟಿ ತಿಂದ.

ಆ ಸಂಬಂಧ ಕೂಡಿಬರಲಿಲ್ಲ. ಯಾರೋ ಅವರಿಗೆ ತಮ್ಮನ ವಿಷಯ ಹೇಳಿಬಿಟ್ಟಿದ್ದರು. ಮನೆಯಲ್ಲಿ ಯಾರೂ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಅವನಿಗೆ ತಿಳಿಯಿತು. ಮಾತ್ರೆಯನ್ನು ನಾಲಿಗೆಯ ಅಡಿ ಇಟ್ಟುಕೊಂಡು ಬಚ್ಚಲಲ್ಲಿ ಉಗುಳತೊಡಗಿದ. "ನಾ ಅವರ ಬಾಯಿ ಬಿಡಿಸಿ ನೋಡ್ಲೇನ್ರಿ?" ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಳು. ಇಂಜೆಕ್ಷನ್ನಿಗೆ ಹೊರಡಿಸಿದರೆ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟ. ನಾನೂ ಹೋಗಿ ಕೈ ಹಿಡಿದು ಬೇಡಿಕೊಂಡೆ. ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ. ಅವನ ನಿದ್ದೆ ಕೆಟ್ಟಿತು. ಗೋಡೆಯೊಳಗಿಂದ ಜನ ತನ್ನ ಬಗ್ಗೆ ಮಾತಾಡುತ್ತಾರೆಂದು ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಹಾಕಿದ. ಆವತ್ತು ಅಣ್ಣ ಬಾಡಿಗೆ ಗಾಡಿ ತಂದ.

ತಮ್ಮ ಜಗಳವಾಡಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ತಾನೇ ಚೀಲ ಹಿಡಿದು ಇಳಿದ. "ಮತ್ತೆ ಪ್ರಯತ್ನ ಮಾಡೋಣ," ಎಂದರು ಡಾಕ್ಟರು. ವಾರ್ಡಿನ ಬಾಗಿಲಲ್ಲಿ ತಮ್ಮ ನನ್ನತ್ತ ತಿರುಗಿ, "ಮುಂದಿನ ಸಲ ಕರ್ಯಾಕ ಬರಬ್ಯಾಡ ಅಕ್ಕಾ. ನೋಡಾಕ ಬಾ, ಸಾಕು," ಎಂದ.

ಈಗಲೂ ನೋಡಲು ಹೋಗುತ್ತೇನೆ. ಅವನ ಬೆರಳು ನಡುಗುತ್ತವೆ, ಔಷಧದಿಂದ ಅಂತಾರೆ. ನಾವಿಬ್ಬರೂ ಇರಲು ವಿದ್ಯಾಗಿರಿಯಲ್ಲೊಂದು ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಯಾರು ಇರುವವರು ಎಂದು ಕೇಳುತ್ತಾರೆ. ಇದ್ದದ್ದನ್ನು ಹೇಳುತ್ತೇನೆ. ಆಗ ಆ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತದೆ.