ಗುರುಬಸವ್ವ ಭಂಗಿಯ ಅಳತೆ ಕಂಡುಕೊಂಡದ್ದು

ಕಡಲಾಚೆಯ ದೇಶದ ಮಾಲ್ಟನ್ನಿನಲ್ಲಿ, ಇಳಿಯುವ ವಿಮಾನಗಳು ಮನೆಯ ಮಾಡನ್ನು ಸವರಿಕೊಂಡೇ ಹೋಗುತ್ತವೇನೋ ಅನ್ನಿಸುವ ಬೀದಿಯೊಂದರಲ್ಲಿ, ಗುರುಬಸವ್ವ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದಳು. ಬೈಲಹೊಂಗಲದ ಕಡೆಯವಳು. ಶಾಲೆ ಎರಡನೇ ಇಯತ್ತೆಗೇ ಮುಗಿದಿತ್ತು. ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಬೇಕಿತ್ತು, ಆದರೆ ಅಂಕಿಗಳು ಮಾತ್ರ ಆಕೆಗೆ ಎಂದೂ ಕೈಕೊಟ್ಟಿರಲಿಲ್ಲ. ವಿಮಾನ ನಿಲ್ದಾಣದ ಪಕ್ಕದ ಅಡುಗೆಮನೆಯಲ್ಲಿ ಪ್ರಯಾಣಿಕರ ಊಟದ ತಟ್ಟೆ ತುಂಬುವ ಕೆಲಸವನ್ನು ಹದಿನಾಲ್ಕು ವರ್ಷ ಮಾಡಿದ್ದಳು. ಅಲ್ಲಿ ಒಂದು ಸೌಟು ಅನ್ನ ಎಂದರೆ ನೂರಿಪ್ಪತ್ತು ಗ್ರಾಂ. ಆಕೆ ತುಂಬಿದ್ದನ್ನು ತಕ್ಕಡಿಗೆ ಹಾಕಿ ನೋಡಿದವರು ಮತ್ತೊಮ್ಮೆ ನೋಡುತ್ತಿರಲಿಲ್ಲ.

ಗಂಡ ಬಸವಂತಪ್ಪನವರು ಪಕ್ಕದ ವುಡ್‌ಬ್ರಿಡ್ಜಿನಲ್ಲಿ ಕಪಾಟು ಮಾಡುವ ಕಾರ್ಖಾನೆಯಲ್ಲಿದ್ದವರು. ಎರಡು ಸಾವಿರದ ಐದನೇ ಇಸವಿಯಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಶುರುವಾಯಿತು. ಎರಡನೇ ಕೀಮೋದ ಹೊತ್ತಿಗೆ ಒಗ್ಗರಣೆಯ ವಾಸನೆ ಬಂದರೂ ಸಾಕು, ಬಚ್ಚಲಿಗೆ ಓಡುವ ಹಾಗಾಯಿತು. ವಾಂತಿ ನಿಲ್ಲುವ ಗುಳಿಗೆ ಕೊಟ್ಟರು. ಅದು ವಾಂತಿಯನ್ನೇನೋ ಕಡಿಮೆ ಮಾಡಿತು, ಹಸಿವನ್ನು ತರಲಿಲ್ಲ. ಎಪ್ಪತ್ತನಾಲ್ಕು ಕಿಲೋ ಇದ್ದವರು ಐವತ್ತೊಂದಕ್ಕೆ ಬಂದರು.

"ಮುಂದಿನ ಸಲ ಐವತ್ತರ ಕೆಳಗೆ ಬಂದರೆ ಚಿಕಿತ್ಸೆ ನಿಲ್ಲಿಸಬೇಕಾಗುತ್ತದೆ, ದೇಹ ತಡೆಯುವುದಿಲ್ಲ" ಎಂದು ಡಾಕ್ಟರು ಹೇಳಿದರು. ಸೊಸೆ ಮಾಧುರಿ ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಗುರುಬಸವ್ವನಿಗೆ ಅಂಕಿ ತಿಳಿದಿತ್ತು. ಮುಂದಿನ ಸಲಕ್ಕೆ ಇನ್ನು ಒಂಬತ್ತು ದಿನ.

ಅದೇ ದಿನ ಕೊರಿಯರಿನವನು ಒಂದು ಪಾಕೀಟು ತಂದುಕೊಟ್ಟ. ಬೇಸಿಗೆಯ ಮೊದಲೇ ಡಾಕ್ಟರ ಸಹಿ ಹಾಕಿಸಿ ಮಾಧುರಿ ಸರಕಾರಕ್ಕೆ ಕಳಿಸಿದ್ದ ಅರ್ಜಿಯ ಫಲ ಅದು.

"ಅತ್ತಿ, ಇದು ಗಾಂಜಾ. ಹೆದರಬ್ಯಾಡ್ರಿ, ಲೀಗಲ್ ಐತಿ. ಕಾರ್ಡಿನ ಮ್ಯಾಲ ಮಾವಾರ ಫೋಟೋನೂ ಐತಿ."

ಬಸವಂತಪ್ಪನವರು ಕಾರ್ಡನ್ನು ತಿರುವಿ ಮುರುವಿ ನೋಡಿದರು. "ಜನ್ಮದಾಗ ಬೀಡಿ ಮುಟ್ಟಲಿಲ್ಲ ನಾ. ಈಗ ಗಾಂಜಾ ಸೇದಪಾ ಅಂತ ಸರಕಾರದವರು ಕಾರ್ಡ್ ಕಳಿಸ್ಯಾರ."

ಗ್ಯಾರೇಜಿನಲ್ಲಿ ಕೂತು ಒಂದು ದಮ್ಮು ಎಳೆದರು. ಕೆಮ್ಮು ಹತ್ತಿ, ಕೆಮ್ಮಿನ ಹಿಂದೆಯೇ ವಾಂತಿಯೂ ಬಂತು. ಹೊಗೆಯ ಮಾತು ಅಲ್ಲಿಗೇ ಮುಗಿಯಿತು.

ಗುರುಬಸವ್ವ ಪಾಕೀಟು ಬಿಚ್ಚಿ ಮೂಸಿದಳು. ಗುರುತಿನ ವಾಸನೆ. ಆಕೆಯ ಅಪ್ಪ ಊರಲ್ಲಿ ದನಗಳಿಗೆ ಔಷಧ ಕೊಡುತ್ತಿದ್ದವನು. ಮೇವು ಬಿಟ್ಟ ಎತ್ತಿಗೆ ಇದೇ ಭಂಗಿ ಸೊಪ್ಪನ್ನು ಹುರಿದು, ತುಪ್ಪ ಬೆಲ್ಲದಲ್ಲಿ ಕುಟ್ಟಿ, ಉಂಡೆ ಮಾಡಿ ಗಂಟಲಿಗೆ ಇಳಿಸುತ್ತಿದ್ದ.

"ಹೊಗಿ ಬ್ಯಾಡ. ಉಂಡಿ ಮಾಡಿಕೊಡತೇನಿ" ಎಂದು ಗಂಡನಿಗೆ ಹೇಳಿ, ಅಪ್ಪನ ಕೆಲಸವನ್ನೂ ನೆನಪಿಸಿದಳು.

"ಅಂದ್ರ ನನ್ನ ಎತ್ತ ಮಾಡಿದಿ."

"ಎತ್ತ ಆಗಿದ್ರ ಹೇಳಿದ ಮಾತು ಕೇಳ್ತಿತ್ರಿ."

ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಸೊಪ್ಪು ಬಾಡಿಸಿ, ತುಪ್ಪದಲ್ಲಿ ಕುದಿಸಿ, ಮಲ್ಲು ಬಟ್ಟೆಯಲ್ಲಿ ಸೋಸಿದಳು. ಪುಟಾಣಿ ಹಿಟ್ಟು, ಬೆಲ್ಲ ಸೇರಿಸಿ ಬೆಟ್ಟದ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದಳು. ಒಂದನ್ನು ಮಧ್ಯಾಹ್ನ ನಾಲ್ಕಕ್ಕೆ ಕೊಟ್ಟಳು. ನಾಲ್ಕೂವರೆಗೆ ತಟ್ಟೆ ತಂದಿಟ್ಟರೆ ಬಸವಂತಪ್ಪನವರು ಮುಖ ತಿರುವಿದರು.

"ಏನೂ ಆಗವಲ್ದು. ಸರಕಾರದ ಸೊಪ್ಪು, ಸರಕಾರದಂಗ ಮಲಗೇತಿ. ಇನ್ನೊಂದು ತಾ."

ಉಂಡೆ ಹಾಕಿದ ಮೇಲೆ ಎತ್ತು ಮೆಲುಕು ಹಾಕುವ ತನಕ ಎರಡನೆಯದನ್ನು ಮುಟ್ಟಬಾರದು ಎಂದು ಅಪ್ಪ ಹೇಳುತ್ತಿದ್ದುದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟಳು. ಒಂಬತ್ತು ದಿನ ಎಂಬುದೊಂದೇ ತಲೆಯಲ್ಲಿ ಕೂತಿತ್ತು.

ಆರಕ್ಕೆ ಬಸವಂತಪ್ಪನವರು ಸೋಫಾದ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಗುರವ್ವಾ, ಮನಿ ಒಂದ್ಕಡೆ ವಾಲಾಕತ್ತೈತಿ. ನನ್ನ ಹಿಡಕೊ." ನಾಲಿಗೆ ಒಣಗಿತ್ತು, ಎದೆ ಡವಗುಟ್ಟುತ್ತಿತ್ತು. ಸಾಯುತ್ತೇನೆ ಎಂದರು, ಮಕ್ಕಳನ್ನು ಕರೆಯಿರಿ ಎಂದರು. ಮಾಧುರಿ ಆಸ್ಪತ್ರೆಗೆ ಫೋನು ಮಾಡಿದಳು. ಉಸಿರಾಟ ನೋಡುತ್ತಿರಿ, ಕೆಡುವಂತಿದ್ದರೆ ಕೂಡಲೇ ಕರೆತನ್ನಿ, ಇಲ್ಲದಿದ್ದರೆ ಮಲಗಿಸಿ ಎಂದು ನರ್ಸ್ ಹೇಳಿದಳು. ಉಸಿರು ಕೆಡಲಿಲ್ಲ. ಮಲಗಿದವರು ಮರುದಿನ ಮಧ್ಯಾಹ್ನ ಎದ್ದರು. ಎದ್ದವರೇ "ಇನ್ನ ಅದನ್ನ ನನ್ನ ಮುಂದ ತರಬ್ಯಾಡ" ಎಂದರು. ಆ ದಿನ ನೀರು ಬಿಟ್ಟು ಬೇರೇನೂ ಒಳಗೆ ಹೋಗಲಿಲ್ಲ. ಅದರ ಮರುದಿನವೂ ಅಷ್ಟೇ.

ಉಳಿದದ್ದು ಏಳು ದಿನ. ತಪ್ಪು ಸೊಪ್ಪಿನದಲ್ಲ, ತನ್ನದು ಎಂದು ಗುರುಬಸವ್ವ ಒಪ್ಪಿಕೊಂಡಳು. ಅಳತೆ ತಿಳಿಯದೆ ಕೊಟ್ಟಿದ್ದಳು. ಎತ್ತು ಎಷ್ಟು ದೊಡ್ಡದು, ಐವತ್ತು ಕಿಲೋ ಮನುಷ್ಯ ಎಷ್ಟು! ಒಂದು ಉಂಡೆಯನ್ನು ಚಾಕುವಿನಿಂದ ನಾಲ್ಕು ಪಾಲು ಮಾಡಿ, ಒಂದು ಪಾಲನ್ನು ತಾನೇ ಬಾಯಿಗೆ ಹಾಕಿಕೊಂಡು ಗಡಿಯಾರದ ಎದುರು ಕೂತಳು.

ಮಾಧುರಿ ನೋಡಿಬಿಟ್ಟಳು. "ಅಯ್ಯ ಅತ್ತಿ! ಲೈಸೆನ್ಸ್ ಮಾವಾರ ಹೆಸರಿಗೈತಿ, ನಿಮ್ಮ ಹೆಸರಿಗಿಲ್ಲ!"

"ಪೊಲೀಸರು ಬಂದ್ರ ಉಪ್ಪು ನೋಡಿದ್ಲು ಅಂತ ಹೇಳು."

ಒಂದು ತಾಸು ಏನೂ ಆಗಲಿಲ್ಲ. ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಾ ಕೂತಿದ್ದಳು, ಹದಿನೈದು ನಿಮಿಷಕ್ಕೆ ಒಂದು ಗೀಟು. ಆರನೇ ಗೀಟಿಗೆ ಬಾಯಿ ಒಣಗಿತು, ಕಾಲು ಹಗುರಾದವು. ಏಳನೇ ಗೀಟಿಗೆ ಹೊಟ್ಟೆ ಕೂಗಿತು. ಎದ್ದು ಹೋಗಿ ಎರಡು ರೊಟ್ಟಿ ತಿಂದಳು. ಮೂರನೆಯದಕ್ಕೆ ಕೈ ಹಾಕಿದಾಗ ಒಳಗಿನಿಂದ ಗಂಡನ ದನಿ ಬಂತು.

"ಮಾಧುರಿ, ನಿಮ್ಮತ್ತಿ ಎಷ್ಟು ತಿಂತಾಳ?"

"ಇದು ಮೂರನೇದ್ರಿ, ಮಾವಾರ."

"ನನ್ನ ಪಾಲಿಂದೂ ತಿಂದು ಮುಗಸ್ತಾಳ ಇಕಿ." ಎದ್ದು ಬಾಗಿಲ ತನಕ ಬಂದು ಹೆಂಡತಿಯನ್ನು ಕೇಳಿದರು. "ಮನಿ ವಾಲಾಕತ್ತಿಲ್ಲೇನ ನಿನಗ?"

"ಇಲ್ರಿ. ಮನಿ ನೆಟ್ಟಗೈತಿ. ಕಾಲಷ್ಟ ಹಗರ ಆಗ್ಯಾವ."

ಮರುದಿನ ಅವರು ಉಂಡೆಯ ಕಾಲು ಪಾಲು ತೆಗೆದುಕೊಳ್ಳಲು ಒಪ್ಪಿದರು. ಕೊಟ್ಟದ್ದು ಬೆಳಿಗ್ಗೆ ಹತ್ತೂವರೆಗೆ, ತಟ್ಟೆ ಇಟ್ಟದ್ದು ಹನ್ನೆರಡೂಕಾಲಿಗೆ, ಒಂದು ನಿಮಿಷ ಮುಂಚೆಯೂ ಅಲ್ಲ. ಅರ್ಧ ಬಟ್ಟಲು ಗಂಜಿ ಒಳಗೆ ಹೋಯಿತು, ಹೋದದ್ದು ಒಳಗೇ ಉಳಿಯಿತು. ಸಂಜೆಗೆ ಮತ್ತೆ ಕಾಲು ಪಾಲು, ಮೊಸರನ್ನ. ಮೂರನೇ ದಿನ ಹಾಲಲ್ಲಿ ಮುರಿದು ಹಾಕಿದ ರೊಟ್ಟಿ. ನಾಲ್ಕನೇ ದಿನ ಕಾಲು ಸಾಲದು ಅನ್ನಿಸಿ ಸಾಸಿವೆಯಷ್ಟು ಹೆಚ್ಚಿಸಿದಳು. ಮತ್ತಷ್ಟು ಕೇಳಿದರೂ ಕೊಡಲಿಲ್ಲ. ಐದನೇ ದಿನ ಒಂದು ಸಲ ವಾಂತಿಯಾಯಿತು. ಗೀಟುಗಳ ಪಕ್ಕ ಅದಕ್ಕೊಂದು ಸೊನ್ನೆ ಹಾಕಿದಳು.

ತೂಕದ ದಿನ ಬಸವಂತಪ್ಪನವರು ಬೂಟು ಹಾಕಿಕೊಂಡೇ ತಕ್ಕಡಿ ಹತ್ತಲು ಹೋದರು. ನರ್ಸ್ ನಕ್ಕು ಬೂಟು ಬಿಚ್ಚಿಸಿದಳು, ಕೋಟು ಬಿಚ್ಚಿಸಿದಳು. ಗುರುಬಸವ್ವ ಅಂಕಿಯನ್ನೇ ನೋಡುತ್ತಿದ್ದಳು. ಅದು ನಲವತ್ತೊಂಬತ್ತು ಕಿಲೋ ಎಂಟುನೂರಕ್ಕೆ ಬಂತು, ಅಲುಗಾಡಿತು, ಐವತ್ತು ನಾನೂರಕ್ಕೆ ನಿಂತಿತು.

ಏನು ತಿನ್ನಿಸಿದಿರಿ ಎಂದು ಡಾಕ್ಟರು ಕೇಳಿದರು. ಮಾಧುರಿ ಉಂಡೆಯ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದಳು.

"ಕಾಲು ಪಾಲು ಅಂತ ಹೇಳು. ಎರಡು ಉಂಡಿ ಕೊಟ್ಟು ಕೆಟ್ಟಿದ್ದನ್ನೂ ಹೇಳು, ಮುಚ್ಚಿಡಬ್ಯಾಡ" ಎಂದು ಗುರುಬಸವ್ವ ಸೊಸೆಯ ತೋಳು ತಿವಿದಳು. ಡಾಕ್ಟರು ಎಲ್ಲವನ್ನೂ ಬರೆದುಕೊಂಡು, ಕೀಮೋ ಕೊಡಿ ಎಂದು ನರ್ಸಿಗೆ ಚೀಟಿ ಕೊಟ್ಟರು. ಬಸವಂತಪ್ಪನವರು ಕುರ್ಚಿಯಲ್ಲಿ ಕೂತು, ಯಾರೂ ಹೇಳುವ ಮೊದಲೇ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದರು.

ಉಳಿದಿದ್ದ ನಾಲ್ಕು ಕೀಮೋಗಳಲ್ಲಿ ಒಂದೂ ತಪ್ಪಲಿಲ್ಲ. ಬಸವಂತಪ್ಪನವರು ಅದಾದ ಮೇಲೆ ಮೂರು ವರ್ಷ ಒಂದು ತಿಂಗಳು ಇದ್ದರು.