ನಾಲ್ಕೂರಿಗೆ ಒಂದೇ ಅಳತೆಯ ಉಪ್ಪು

ನಂದೀಶ್ವರಯ್ಯನವರು ತಾವು ಮಾಡಿದ ಅಡುಗೆಯನ್ನು ಎಂದೂ ರುಚಿ ನೋಡಿದವರಲ್ಲ. ಪಟ್ಟನಾಯಕನಹಳ್ಳಿ ಕಡೆಯ ಮಠದಲ್ಲಿ ಹದಿನೆಂಟು ವರ್ಷ ದಾಸೋಹದ ಒಲೆ ಕಾಯ್ದವರು. ಎಡೆಗೆ ಮೊದಲು ನಾಲಿಗೆಗೆ ತಗುಲಿಸುವಂತಿಲ್ಲ ಎಂಬುದು ಅಲ್ಲಿ ಕಲಿತ ಶಿಸ್ತು. ಕುದಿಯುವ ಹಂಡೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಉಪ್ಪು ಎಷ್ಟು ಬೇಕೆಂದು ತಿಳಿಯುತ್ತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಹೆಂಡತಿ ಕಮಲಾಕ್ಷಮ್ಮ ತವರಾದ ಪಾವಗಡಕ್ಕೆ ಬಂದು ನಿಂತಮೇಲೆ ಇವರೂ ಮಠ ಬಿಟ್ಟು ಅಲ್ಲಿಗೇ ಬಂದರು. ಆ ಊರಿನಲ್ಲಿ ಅಡುಗೆಯವರಿಗೆ ಸಂಬಳ ಕೊಡುತ್ತಿದ್ದ ಜಾಗ ಒಂದೇ: ಶ್ರೀ ಶಂಕರಲಿಂಗ ವಿಲಾಸ.

ನಾನಾದರೋ ರುಚಿ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವನು. ಮೇಷ್ಟರ ಕೆಲಸ ಕಳೆದುಕೊಂಡು ಮಧುಗಿರಿಯಲ್ಲಿ ಅಲೆಯುತ್ತಿದ್ದಾಗ ಸಾಹುಕಾರ್ ಶಂಕರಲಿಂಗಪ್ಪನವರು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ಬೇರೆ ಯಾವ ಸರ್ಟಿಫಿಕೇಟನ್ನೂ ಕೇಳದೆ ಕೆಲಸ ಕೊಟ್ಟರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಅವರಿಗೆ ನಾಲ್ಕು ಹೋಟೆಲು. ನಾಲ್ಕಕ್ಕೂ ಒಂದೇ ಹೆಸರು, ಒಂದೇ ನೀಲಿ ಬೋರ್ಡು, ಒಂದೇ ಗಾತ್ರದ ಇಡ್ಲಿ. ಬಸ್ಸಿನ ಡ್ರೈವರಿಗೂ ಕಂಡಕ್ಟರಿಗೂ ತಿಂಡಿ ಪುಕ್ಕಟೆ; ಆದ್ದರಿಂದ ಬಸ್ಸು ಬೇರೆಲ್ಲೂ ನಿಲ್ಲುತ್ತಿರಲಿಲ್ಲ. ನಿಂತ ಹತ್ತು ನಿಮಿಷದಲ್ಲಿ ಮೂವತ್ತು ಜನರ ಮುಂದೆ ಇಡ್ಲಿ ಬೀಳಬೇಕು. ಬೇಳೆ, ಪುಡಿ, ಉಪ್ಪು ಎಲ್ಲವೂ ಮಧುಗಿರಿಯಿಂದ ಚೀಲದಲ್ಲಿ ಬರಬೇಕು, ಜೊತೆಗೆ ಬಂದ ಹಿತ್ತಾಳೆ ಬಟ್ಟಲಿನಲ್ಲೇ ಅಳೆಯಬೇಕು.

"ಮಧುಗಿರೀಲಿ ತಿಂದೋನ ನಾಲಿಗೆ ಪಾವಗಡದಲ್ಲಿ ಇಳಿದಾಗ 'ಅಯ್ಯೋ, ಇದು ಬೇರೆ ಊರು' ಅನ್ನಬಾರದು ಮೇಷ್ಟ್ರೇ," ಎನ್ನುತ್ತಿದ್ದರು ಸಾಹುಕಾರರು. "ನೀವು ಅಷ್ಟು ನೋಡ್ಕೊಂಡು ಬನ್ನಿ."

ನಾನು ವಾರಕ್ಕೊಂದು ಸಲ ನಾಲ್ಕೂರು ಸುತ್ತಿ, ತಿಂದು, ಬರೆದು ಕೊಡುತ್ತಿದ್ದೆ. ಆರು ತಿಂಗಳು ಪಾವಗಡದ ಸಾಂಬಾರಿಗೂ ಮಧುಗಿರಿಯದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾಗೆಂದೇ ಬರೆದೆ. ನಾನು ಬರೆದ ನಿಜಗಳಲ್ಲಿ ಅದೊಂದು.

ಒಂದು ಶನಿವಾರ ಪಾವಗಡದಿಂದ ಬಸ್ಸಿನಲ್ಲಿ ಹಿಂತಿರುಗಿದ ಉಪ್ಪಿನ ಚೀಲ ಬರಿದಾಗಿರಲಿಲ್ಲ. ತಳದಲ್ಲಿ ನಾಲ್ಕು ಸೇರು ಉಪ್ಪು ಉಳಿದಿತ್ತು, ಬಾಯಿ ನೀಟಾಗಿ ಹೊಲಿದಿತ್ತು. ಸಾಹುಕಾರರ ಮುಖ ಕೆಂಪಾಯಿತು. ನನ್ನನ್ನೂ ಕರೆದುಕೊಂಡು ಮರುದಿನದ ಬಸ್ಸಿಗೇ ಹೊರಟರು.

"ಉಪ್ಪು ಯಾಕೆ ಉಳೀತು ಅಯ್ನೋರೇ?"

"ಇಲ್ಲಿನ ಬಾವಿ ನೀರೇ ಸವಳು ಸಾಹುಕಾರ್ರೇ. ಅದರಲ್ಲೇ ಅರ್ಧ ಉಪ್ಪು ಇರ್ತದೆ. ನಿಮ್ಮ ಬಟ್ಟಲು ತುಂಬ ಹಾಕಿದ್ರೆ ಬಾಯಲ್ಲಿಡೋಕಾಗಲ್ಲ. ಇಷ್ಟು ದಿನ ಉಳಿದದ್ದು ನಿಮ್ಮದು, ಕೂಡಿಟ್ಟು ಕಳಿಸಿದೆ."

"ನೀರಿನ ಲೆಕ್ಕ ಹೇಳ್ತಾ ಹೋದ್ರೆ ಶಿರಾದೋನು ಒಲೆ ಲೆಕ್ಕ ಹೇಳ್ತಾನೆ, ಕೊರಟಗೆರೆಯೋನು ಸೌದೆ ಲೆಕ್ಕ ಹೇಳ್ತಾನೆ. ನಾಲ್ಕು ಹೋಟ್ಲಿಗೆ ನಾಲ್ಕು ಕೈ ಆಯ್ತು. ನನಗೆ ಕೈ ಬೇಡ, ಅಳತೆ ಬೇಕು. ಆಗುತ್ತೋ, ಇಲ್ಲ ಬೇರೆಯವರನ್ನ ನೋಡ್ಲೋ?"

ನಂದೀಶ್ವರಯ್ಯನವರು ನನ್ನ ಕಡೆ ನೋಡಿದರು. ಆರು ತಿಂಗಳು ರುಚಿ ಒಂದೇ ಇತ್ತು, ಅಳತೆ ತಪ್ಪಿಸಿದ್ದರಿಂದಲೇ ಒಂದೇ ಇತ್ತು ಎಂದು ನಾನು ಹೇಳಬಹುದಿತ್ತು. ಗಂಟಲು ಸರಿಮಾಡಿಕೊಂಡೆ. ಸಾಹುಕಾರರೂ ನನ್ನ ಕಡೆ ತಿರುಗಿದರು. ಕೆಮ್ಮು ಬಂದವನಂತೆ ಕೆಮ್ಮಿ ನೀರಿನ ಲೋಟಕ್ಕೆ ಕೈ ಹಾಕಿದೆ.

"ಆಗಲಿ," ಎಂದರು ನಂದೀಶ್ವರಯ್ಯನವರು.

ಅಂದಿನಿಂದ ಬಟ್ಟಲು ತುಂಬ ಉಪ್ಪು ಬಿತ್ತು. ಅಳತೆ ತಪ್ಪದಂತೆ ಕಾಯಲು ಸಾಹುಕಾರರು ನನ್ನನ್ನು ಪಾವಗಡದಲ್ಲೇ ನಿಲ್ಲಿಸಿ ಹೋದರು. ಮೊದಲ ವಾರ ಜನ ಮುಖ ಸಿಂಡರಿಸಿದರು. ಗಿರಾಕಿಗಳು ತಪ್ಪುತ್ತಾರೆ, ಸಾಹುಕಾರರು ದಾರಿಗೆ ಬರುತ್ತಾರೆ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಹೇಡಿಗೆ ಬೇರೆಯವರ ಧೈರ್ಯದ ಮೇಲೆ ಬಹಳ ನಂಬಿಕೆ. ಆದರೆ ಬಸ್ಸು ಅಲ್ಲೇ ನಿಲ್ಲುತ್ತಿತ್ತು, ಜನ ಅಲ್ಲೇ ತಿನ್ನುತ್ತಿದ್ದರು. ಬಾಯಾರಿ ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಮುಖ ಸಿಂಡರಿಸುವವರೇ ಇಲ್ಲವಾದರು. ಲೆಕ್ಕ ನೋಡಲು ಬಂದ ಸಾಹುಕಾರರು ನನ್ನ ಬೆನ್ನು ತಟ್ಟಿದರು.

ಹೀಗಿರುವಾಗ ಒಂದು ದಿನ ನಾನು ಒಳಗೆ ಅಡುಗೆಮನೆಯಲ್ಲಿ ಕೂತಿದ್ದಾಗ ಹಿತ್ತಲ ಬಾಗಿಲಲ್ಲಿ ಹೆಂಗಸೊಬ್ಬಳ ದನಿ ಕೇಳಿತು. ಪಕ್ಕದ ಹಟ್ಟಿಯಿಂದ ಮಜ್ಜಿಗೆ ತಂದುಕೊಡುತ್ತಿದ್ದ ಕ್ಯಾತಮ್ಮ. ಮಡಕೆ ಇಳಿಸುವ ಮೊದಲೇ ಬೈಗುಳ ಇಳಿಯಿತು.

"ಏನ್ ಆಕ್ತೀರಿ ಅಯ್ನೋರೇ ನಿಮ್ ಸಾರ್ಗೆ? ನನ್ ಗಂಡ ಮನೇಲಿ ಉಣ್ಣಾಕಿಲ್ಲ ಅಂತಾನೆ. ಹುರುಳಿಕಾಳು ಬಸ್ಸಾರು ಮಾಡಿಟ್ರೆ 'ಸಪ್ಪೆ, ಸಪ್ಪೆ' ಅಂತ ತಣಿಗೆ ನೂಕ್ತಾನೆ. ನಮ್ಮತ್ತೆ ಕೈಯಾಗೂ ಇಂಗೇ ಉಂಡೋನು. ಇವಾಗ ಮಕ್ಳೂ ಅಂಗೇ ಅಂತವೆ!"

"ಉಪ್ಪು ಜಾಸ್ತಿ ಹಾಕಮ್ಮ, ತಾಯಿ," ಎಂದೆ ನಾನು, ಬುದ್ಧಿವಂತನ ಹಾಗೆ.

"ನಿಮ್ನ ಕೇಳ್ಳಿಲ್ಲ ಸ್ವಾಮಿ. ತಿನ್ನೋಕೆ ಬಂದೋರು ತಿನ್ನಿ!" ಎಂದಳು. ನ್ಯಾಯವಾದ ಮಾತು.

ಅವಳು ಹೋದಮೇಲೆ ನಂದೀಶ್ವರಯ್ಯನವರು ಮಜ್ಜಿಗೆಯ ಮಡಕೆಯನ್ನು ಒಳಗೆ ತಂದಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು:

"ಮೇಷ್ಟ್ರೇ, ಸೋಮವಾರ ಸಂತೆ. ಅವತ್ತು ಒಂದು ಹಂಡೆ ಮೊದಲಿನ ಹಾಗೆ ಮಾಡ್ತೀನಿ. ಯಾರಿಗೂ ಹೇಳಲ್ಲ. ಜನ ತಿಂದು ಒಪ್ಪಿದ್ರೆ ನೀವು ಸಾಹುಕಾರರಿಗೆ ಕಾಗದ ಬರೀಬೇಕು. ಬಾಯಿಗೆ ಸರಿಯಾದದ್ದು ಬಿದ್ರೆ ಜನಕ್ಕೆ ಗೊತ್ತಾಗೇ ಆಗ್ತದೆ. ಆಗದೆ ಇರುತ್ಯೇ?"

"ಬರೀತೀನಿ," ಎಂದೆ. ಹೆದರಿಕೆಯಾಯಿತು, ಆದರೂ ಈ ಸಲ ಬರೆದೇ ಬಿಡುತ್ತೇನೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಹೋಟೆಲು ತುಂಬಿತ್ತು. ಕುರಿ ಮಾರಲು ಬಂದ ಹಟ್ಟಿಯವರು ಎಂದಿನಂತೆ ಹೊರಗಿನ ಜಗಲಿಯಲ್ಲಿ ಕೂತಿದ್ದರು. ಅಳತೆ ಎಲ್ಲರಿಗೂ ಒಂದೇ ಆದರೂ ಕೂರುವ ಜಾಗ ಒಂದೇ ಆಗಿರಲಿಲ್ಲ. ನನ್ನ ಬೆಂಚು ಬಾಗಿಲ ಪಕ್ಕದಲ್ಲಿತ್ತು. ನಂದೀಶ್ವರಯ್ಯನವರು ಆ ದಿನ ತಾವೇ ಬಕೆಟ್ಟು ಹಿಡಿದು ಬಡಿಸಿದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಮಠದ ಪಂಕ್ತಿಯಲ್ಲೂ ಅವರು ಉಣ್ಣುವವರ ಮುಖವನ್ನು ಇಷ್ಟು ನೋಡಿರಲಾರರು.

ಜಗಲಿಯಲ್ಲಿ ಕ್ಯಾತಮ್ಮನ ಗಂಡ ಓಬಯ್ಯ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದ.

"ಇದೇನ್ ಅಯ್ನೋರೇ, ಬಿಸಿನೀರು ಉಯ್ದ್ಬುಟ್ರಾ?"

"ಸರಿಯಾಗಿ ನೋಡಪ್ಪ ಓಬಯ್ಯ. ಇನ್ನೊಂದು ತುತ್ತು ತಿನ್ನು."

"ಏನ್ ನೋಡಾದು? ನಮ್ಮನೇಲಿ ಮಾಡ್ದಂಗೈತೆ! ಇದ್ನ ತಿನ್ನಾಕೆ ಕಾಸು ಕೊಟ್ಟು ಇಲ್ಲಿಗೆ ಬರ್ಬೇಕಾ?"

ಸುತ್ತಲಿನವರು ನಕ್ಕರು. ಒಳಗಿನಿಂದಲೂ ಯಾರೋ "ಉಪ್ಪು ತನ್ರೀ!" ಎಂದು ಕೂಗಿದರು. ಇನ್ನೊಬ್ಬರು ಎಲೆ ನೂಕಿ ಎದ್ದರು.

ನಂದೀಶ್ವರಯ್ಯನವರು ನನ್ನ ಎದುರು ಬಂದು ನಿಂತರು.

"ಅವರ ಮಾತು ಬಿಡಿ. ನೀವು ಇದನ್ನೇ ಆರು ತಿಂಗಳು ತಿಂದೋರು. ಮಧುಗಿರೀದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ ಅಂತ ಬರೆದೋರು. ಹೇಳಿ, ಹೆಂಗಿದೆ?"

ಇಡ್ಲಿಯನ್ನು ಚೆನ್ನಾಗಿ ಅದ್ದಿ ಬಾಯಿಗಿಟ್ಟೆ. ಕಣ್ಣು ಮುಚ್ಚಿದೆ. ಹುಣಿಸೆ ಇತ್ತು, ಇಂಗು ಇತ್ತು, ಬೇಳೆ ಇತ್ತು. ನಾಲಿಗೆ ಅವುಗಳ ಮಧ್ಯೆ ಇನ್ನೇನನ್ನೋ ಹುಡುಕಿತು, ಸಿಗಲಿಲ್ಲ. ಮೂರು ತಿಂಗಳಿನಿಂದ ನಾನೂ ಇಲ್ಲೇ ತಿನ್ನುತ್ತಿದ್ದೆನಲ್ಲ. ಸುಳ್ಳು ಹೇಳುವುದು ನನಗೆ ಕಷ್ಟದ ಕೆಲಸವಲ್ಲ. ಬೇಕಾದ ಆ ಹೊತ್ತಿನಲ್ಲಿ ಯಾಕೋ ಬಾಯಿಗೆ ಬರಲಿಲ್ಲ.

"ಸ್ವಲ್ಪ... ಸಪ್ಪೆ, ಅಯ್ನೋರೇ."

ಅವರು ಕೋಪಿಸಿಕೊಳ್ಳಲಿಲ್ಲ. "ಹೌದಾ," ಎಂದರು, ಅಷ್ಟೇ. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅದೇ ಬಕೆಟ್ಟು ಹಿಡಿದು ಬಂದು ಮೊದಲು ಜಗಲಿಗೆ ಹೋದರು.

"ಹಾಂ, ಈಗ ದಾರೀಗ್ ಬಂದ್ರು ನೋಡು ಅಯ್ನೋರು!" ಎಂದ ಓಬಯ್ಯ. ಇನ್ನೆರಡು ಇಡ್ಲಿ ಕೇಳಿದ.

"ಸಾಹುಕಾರರಿಗೆ ಕಾಗದ ಬೇಡ ಬಿಡಿ ಮೇಷ್ಟ್ರೇ," ಎಂದು ನಂದೀಶ್ವರಯ್ಯನವರು ನನ್ನ ಪಕ್ಕ ಬಂದು ನಿಂತು ಹೇಳಿದರು. ಮುಖ ನೋಡುವ ಧೈರ್ಯವಾಗದೆ ತಲೆ ತಗ್ಗಿಸಿದೆ. ಅವರು ನಿಂತೇ ಇದ್ದರು, ಸೌಟು ಎತ್ತಿ ಹಿಡಿದು ಕಾಯುತ್ತಿದ್ದರು. ನಾನು ಎಲೆಯನ್ನು ಮುಂದಕ್ಕೆ ಸರಿಸಿದೆ.