ಬರ್ಕಾದ ಕ್ಯಾಂಪಿನಲ್ಲಿ ಅವನು ಸಿಕ್ಕಿದ

ನನಗೆ ಹನ್ನೊಂದು ವರ್ಷವಾಗಿದ್ದಾಗ ನಮ್ಮನ್ನು ಒಮಾನಿನ ಖುರುಮ್‌ನ ಕಂಪನಿ ಫ್ಲ್ಯಾಟಿನಿಂದ ಎಬ್ಬಿಸಿ, ನಾಲ್ಕು ಗಂಟೆ ದೂರದ ಜಲ್ಲಿ ಕ್ರಷರಿನ ಲೇಬರ್ ಕ್ಯಾಂಪಿಗೆ ಸಾಗಿಸಿದರು. ಸೈಟ್ ಸೂಪರ್‌ವೈಸರ್ ಆಗಿದ್ದ ಅಪ್ಪ ಮಾಡಿದ ತಪ್ಪು ಒಂದೇ. ಬಿಸಿಲಿಗೆ ಕುಸಿದು ಸತ್ತ ಕೂಲಿಯೊಬ್ಬ ಕೋಣೆಯಲ್ಲಿ ಮಲಗಿದ್ದಲ್ಲೇ ಸತ್ತನೆಂದು ಬರೆದುಕೊಡಲು ಒಪ್ಪಲಿಲ್ಲ. ಬರೆಯಿರಿ ಎಂದ ಮ್ಯಾನೇಜರ್ ನಮ್ಮ ಉಡುಪಿ ಕಡೆಯವನೇ, ಅಮ್ಮನ ಕೈಯ ಕೋರಿರೊಟ್ಟಿ ತಿಂದವನು. "ನಿಮ್ಮ ಸತ್ಯವನ್ನು ಅಲ್ಲಿ ಕಲ್ಲುಗಳಿಗೆ ಹೇಳಿ" ಎಂದನಂತೆ. ನಮ್ಮ ಪಾಸ್‌ಪೋರ್ಟುಗಳು ಅವನ ಬೀರುವಿನಲ್ಲಿದ್ದವು. ಊರಿಗೆ ಓಡಲೂ ದಾರಿಯಿರಲಿಲ್ಲ.

ತಗಡಿನ ಕ್ಯಾಬಿನ್ನೊಂದು ನಮಗೆ ಸಿಕ್ಕಿತು. ನನ್ನ ಶಾಲೆ ನಿಂತಿತು. ಅಮ್ಮ ಎಂಬತ್ತು ಗಂಡಸರಿಗೆ ಅಡುಗೆ ಮಾಡಿದಳು. ನಾನು ಕಕ್ಕಸಿಗೆ ಹೋದರೆ ಸೌಟು ಹಿಡಿದೇ ಬಾಗಿಲಲ್ಲಿ ಕಾವಲು ನಿಲ್ಲುತ್ತಿದ್ದಳು. ಅಪ್ಪ ಹದಿನಾಲ್ಕು ತಿಂಗಳು ಕಲ್ಲಿನ ಧೂಳು ಕುಡಿದ. ಕೊನೆಗೂ ಊರಿಗೆ ಕಳಿಸಿದ ಮೇಲೆ ಎರಡು ಮಳೆಗಾಲ ಕೆಮ್ಮಿ ತೀರಿಕೊಂಡ.

ದೊಡ್ಡವಳಾಗಿ ನಾನು ಒಮಾನಿಗೆ ಮರಳಿದ್ದು ಕಾರ್ಮಿಕರ ವಸತಿ ಪರಿಶೀಲಿಸುವ ಕೆಲಸ ಹಿಡಿದು. ಸಂಬಳಕ್ಕಾಗಿ ಹೋಗುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು.

ಕಳೆದ ಜುಲೈಯಲ್ಲಿ ಬರ್ಕಾದ ಕ್ಯಾಂಪೊಂದರಲ್ಲಿ ಅದೇ ಮ್ಯಾನೇಜರ್ ಎದುರಾದ. ಅದನ್ನು ನಡೆಸುತ್ತಿದ್ದವನು ಅವನೇ. ತಲೆ ಬೆಳ್ಳಗಾಗಿತ್ತು, ನನ್ನ ಗುರುತು ಹತ್ತಲಿಲ್ಲ. ಮೂರು ಕ್ಯಾಬಿನ್‌ಗಳಲ್ಲಿ ಎಸಿ ಕೆಟ್ಟಿತ್ತು. "ಒಳಗೆ ಬನ್ನಿ ಸರ್, ಒಟ್ಟಿಗೇ ನೋಡುವ" ಎಂದು ಕರೆದು ಬಾಗಿಲು ಹಾಕಿದೆ. ಒಂದೊಂದೇ ಮಂಚ, ಒಂದೊಂದೇ ಸ್ವಿಚ್ಚು, ನಿಧಾನವಾಗಿ ಬರೆದುಕೊಂಡೆ. ಅವನ ಅಂಗಿ ಬೆನ್ನಿಗೆ ಅಂಟಿತು. ನಾನು ಇನ್ನೂ ನಿಧಾನ ಮಾಡಿದೆ.

ಅಷ್ಟು ಹೊತ್ತು ಮೇಡಂ ಎನ್ನುತ್ತಿದ್ದವನು ದನಿ ಇಳಿಸಿದ. "ಒಂದು ವಾರ ಟೈಮ್ ಕೊಡು ಮಾರಾಯ್ತಿ, ಎಲ್ಲ ಸರಿ ಮಾಡಿಸ್ತೇನೆ. ನೀನು ನಮ್ಮ ಊರಿನವಳೇ ಅಲ್ವಾ?"

"ಹೌದು" ಎಂದೆ. ಅಪ್ಪನ ಹೆಸರು ಹೇಳಿದೆ.

ಅವನು ಮಂಚದ ಮೇಲೆ ಕುಸಿದು ಕುಳಿತ. "ಅದು ಮೇಲಿನವರು ಮಾಡಿಸಿದ್ದು, ಮಗಾ... ಸ್ವಲ್ಪ ನೀರು ಉಂಟಾ?"

ನನ್ನ ಬಾಟಲಿ ಕೊಟ್ಟೆ. ವಾರ ಕೊಡಲಿಲ್ಲ. ಕೊಡಲು ನಿಯಮದಲ್ಲಿ ಅವಕಾಶವಿತ್ತು. ಆ ತಿಂಗಳೇ ಕ್ಯಾಂಪು ಮುಚ್ಚಿತು. ಅವನ ವೀಸಾದ ಒಡೆಯನಾದ ಕಫೀಲ್, ಖಲಾಸ್ ಎಂದು ಅದನ್ನು ರದ್ದು ಮಾಡಿಸಿದ. ಅಲ್ಲಿದ್ದವರಿಗೆ ಒಳ್ಳೆಯ ವಸತಿ ಸಿಕ್ಕಿತೆಂದು ಖುಷಿಯಾಯಿತು. ಅವನು ತೊಲಗಿದ ಖುಷಿ ಅದಕ್ಕಿಂತ ದೊಡ್ಡದಿತ್ತು. ಅದಕ್ಕೆ ನನಗೆ ನಾಚಿಕೆಯಿಲ್ಲ.

ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ನೀರು ಕೊಟ್ಟೆಯಾ ಅವನಿಗೆ?"

"ಕೊಟ್ಟೆ ಅಮ್ಮ."

"ನಾನಾದ್ರೆ ಕೊಡ್ತಿರ್ಲಿಲ್ಲ" ಎಂದಳು.